ಗಂಬೆಲಾ: ಕುರ್ಚಿ ಸ್ಥಳೀಯರದು, ನೆಲದ ಹಿಡಿತ ಅದ್ದಿಸ್ ಅಬಾಬಾದ್ದು

ಇಥಿಯೋಪಿಯಾದ ಪಶ್ಚಿಮ ತುದಿಯಲ್ಲಿ, ದಕ್ಷಿಣ ಸುಡಾನಿನ ಗಡಿಗೆ ಅಂಟಿಕೊಂಡು, ಗಂಬೆಲಾ ಎಂಬ ರಾಜ್ಯವಿದೆ. ವಿಸ್ತೀರ್ಣ ಸುಮಾರು 30 ಸಾವಿರ ಚದರ ಕಿಲೋಮೀಟರು. 2007ರ ಜನಗಣತಿಯಲ್ಲಿ ಸಿಕ್ಕ ಜನ 3,07,096. ನೆಲ ಹೆಚ್ಚು, ಜನ ಕಡಿಮೆ, ನೀರು ಬೇಕಾದಷ್ಟು. ಬಾರೋ, ಗಿಲೋ, ಅಲ್ವೆರೋ, ಅಕೋಬೋ ನದಿಗಳೆಲ್ಲ ಈ ಬಯಲಿನಲ್ಲಿ ಹರಿದು ಬಿಳಿ ನೈಲನ್ನು ಸೇರುತ್ತವೆ. ಇಷ್ಟಿದ್ದರೂ 1991ರಿಂದ ಈಚೆಗೆ ಇಲ್ಲಿನ ರಾಜಕೀಯವೆಲ್ಲ ಒಂದೇ ಪ್ರಶ್ನೆಯ ಸುತ್ತ ಗಿರಕಿ ಹೊಡೆಯುತ್ತಿದೆ: ಈ ರಾಜ್ಯ ಯಾರದು?

ಇದನ್ನು ಎರಡು ಬುಡಕಟ್ಟುಗಳ ಹಳೇ ಜಗಳವೆಂದು ಬದಿಗೆ ಸರಿಸುವವರು ಬಹಳ. ಆ ವಿವರಣೆ ಸಾಲದು. ಸಂವಿಧಾನ ಇಲ್ಲಿ ಮಾಲೀಕತ್ವವನ್ನು ಜನಾಂಗಗಳ ಹೆಸರಿಗೆ ಬರೆದುಕೊಟ್ಟಿತು. ಆದರೆ ಜಮೀನಿನ ಗುತ್ತಿಗೆ, ಗಡಿಯ ಕಾವಲು, ನಿರಾಶ್ರಿತರ ವ್ಯವಹಾರ, ಬಜೆಟ್ಟಿನ ಬಹುಪಾಲು ಎಲ್ಲವೂ ಕೇಂದ್ರದ ಕೈಯಲ್ಲೇ ಉಳಿದವು. ಹಂಚಿಕೊಳ್ಳಲು ಸ್ಥಳೀಯರಿಗೆ ದಕ್ಕಿದ್ದು ಹುದ್ದೆಗಳು ಮಾತ್ರ. ಆ ಹುದ್ದೆಗಳ ಪಾಲು ತೀರ್ಮಾನವಾಗುವುದು ತಲೆಎಣಿಕೆಯ ಮೇಲೆ. ಹೀಗಾಗಿ ಜನಗಣತಿ, ಗುರುತಿನ ಚೀಟಿ, ಶಾಲೆಯ ಭಾಷೆ, ವಲಯದ ಗಡಿ, ಕೊನೆಗೆ ನಿರಾಶ್ರಿತರ ಪಡಿತರ ಚೀಟಿ ಕೂಡ ಕಾದಾಟದ ಕಣವಾಯಿತು.

ನದಿದಂಡೆಯ ಲೆಕ್ಕ

ರಾಜ್ಯದ ಸಂವಿಧಾನ ಮೂಲನಿವಾಸಿಗಳೆಂದು ಗುರುತಿಸುವುದು ಐದು ಜನಾಂಗಗಳನ್ನು: ಅನುವಾಕ್, ನುಯೆರ್, ಮಜಾಂಗ್, ಒಪೊ, ಕೊಮೊ. ಇವರ ಜೊತೆಗೆ ಎತ್ತರದ ಪ್ರದೇಶಗಳಿಂದ ಬಂದು ನೆಲೆಸಿದ ಅಮ್ಹಾರ, ಒರೊಮೊ, ಕಫ್ಫಾ, ಕಂಬಾಟಾ, ತಿಗ್ರಾಯ್ ಮಂದಿ ಇದ್ದಾರೆ. ಇವರಿಗೆಲ್ಲ ಒಟ್ಟಾಗಿ ‘ದೆಗೆನ್ಯಾ’, ಅಂದರೆ ಮೇಲುನಾಡಿನವರು, ಎನ್ನುತ್ತಾರೆ. ಪಟ್ಟಣದ ಅಂಗಡಿ, ಲಾರಿ, ಕಚೇರಿಯ ಗುಮಾಸ್ತಿಕೆ ಹೆಚ್ಚಾಗಿ ಇವರ ಕೈಯಲ್ಲಿದೆ. ಮೂಲನಿವಾಸಿಗಳ ಪಟ್ಟಿಯಲ್ಲಿ ಇವರಿಗೆ ಜಾಗವಿಲ್ಲ.

ಅನುವಾಕರು ನದಿದಂಡೆಯ ಬೇಸಾಯಗಾರರು. ನೆರೆ ಇಳಿದ ಮೇಲೆ ದಡದ ಹಸಿ ಮಣ್ಣಿನಲ್ಲಿ ಮೆಕ್ಕೆಜೋಳ, ಜೋಳ ಹಾಕುತ್ತಾರೆ, ಮೀನು ಹಿಡಿಯುತ್ತಾರೆ. ಒಂದೊಂದು ಹಳ್ಳಿಗೂ ತನ್ನ ಮುಖ್ಯಸ್ಥ, ತನ್ನ ಎಲ್ಲೆ. ಅವರ ಪಾಲಿಗೆ ನೆಲವೆಂದರೆ ಪೂರ್ವಿಕರ ಊರು. ಹೊರಗಿನವನು ಬಂದರೆ ಅತಿಥಿಯಾಗಿರಬೇಕು.

ನುಯೆರರದು ದನದ ಬದುಕು. ಮಳೆಗಾಲದಲ್ಲಿ ದಿಬ್ಬದ ಮೇಲಿನ ಹಳ್ಳಿಯಲ್ಲಿರುತ್ತಾರೆ, ಬೇಸಿಗೆಗೆ ಹುಲ್ಲು ಹುಡುಕಿಕೊಂಡು ನದಿಯತ್ತ ಇಳಿಯುತ್ತಾರೆ. ಜಿಕನಿ ಎಂಬ ನುಯೆರ್ ಶಾಖೆಯವರು 19ನೇ ಶತಮಾನದಲ್ಲೇ ಪೂರ್ವಕ್ಕೆ ಸರಿಯುತ್ತಾ ಅನುವಾಕರ ಹಳ್ಳಿಗಳಿದ್ದ ಕಡೆ ಬಂದು ನೆಲೆನಿಂತರು. ಹೊರಗಿನವರನ್ನು ಮದುವೆ, ದತ್ತು, ನಂಟಸ್ತನದ ಮೂಲಕ ತಮ್ಮೊಳಗೆ ಸೇರಿಸಿಕೊಳ್ಳುವುದು ಅವರ ವಾಡಿಕೆ. ಯಾರು ಇದ್ದು ಬಳಸುತ್ತಾರೋ ನೆಲ ಅವರದು ಎನ್ನುವುದು ಅವರ ನ್ಯಾಯ.

ಈಗ ಪಂಚಾಂಗ ನೋಡಿ. ಅನುವಾಕರು ದಡದಲ್ಲಿ ಬಿತ್ತುವುದೂ ನೆರೆ ಇಳಿದ ಮೇಲೆ, ನುಯೆರರ ದನ ದಡಕ್ಕೆ ಬರುವುದೂ ನೆರೆ ಇಳಿದ ಮೇಲೆ. ಒಂದೇ ತಿಂಗಳು, ಒಂದೇ ದಡ. ಇದು ಹಳೇ ಕಾಲದಿಂದ ಇದ್ದ ತಿಕ್ಕಾಟ. ಅದಕ್ಕೆ ಹಳೇ ಕಾಲದ ಪರಿಹಾರಗಳೂ ಇದ್ದವು: ನಂಟಸ್ತನ, ಕಾಳು–ಹಾಲಿನ ವಿನಿಮಯ, ಹಿರಿಯರ ಪಂಚಾಯ್ತಿ, ಸತ್ತವನ ಬದಲಿಗೆ ದನದ ದಂಡ. ಆಧುನಿಕ ಆಡಳಿತ ಈ ಪರಿಹಾರಗಳನ್ನು ಬಳಸಿಕೊಳ್ಳಲಿಲ್ಲ. ಅವುಗಳ ಮೇಲೆ ಗಡಿರೇಖೆ ಎಳೆಯಿತು.

ಮಜಾಂಗರ ಕಥೆ ಬೇರೆ. ಪೂರ್ವದ ಗೊದೆರೆ ಕಡೆಯ ಕಾಡಿನಲ್ಲಿ ಜೇನು, ಕಾಫಿ ಅವರ ಆಸರೆ. ಅವರ ಜಗಳ ನುಯೆರರೊಂದಿಗಲ್ಲ, ಕಾಡಿನ ಜಮೀನು ಕೊಂಡು ಒಳಬರುವ ಮೇಲುನಾಡಿನವರೊಂದಿಗೆ. 2014ರ ಸೆಪ್ಟೆಂಬರಿನಲ್ಲಿ ಮೆತಿ ಪಟ್ಟಣದ ಸುತ್ತ ಅದು ಹೊತ್ತಿ ಉರಿಯಿತು. 2017ರಲ್ಲಿ ಮಜಾಂಗ್ ಕಾಡು ಯುನೆಸ್ಕೋದ ಜೀವಗೋಳ ಮೀಸಲು ಪಟ್ಟಿಗೆ ಸೇರಿತು. ಕಾಡಿಗೆ ಹೆಸರು ಬಂತು. ಜಮೀನಿನ ದಾಖಲೆಯ ಗೊಂದಲ ಹಾಗೇ ಉಳಿಯಿತು.

ಗಡಿ ಬಂದ ಬಗೆ

1902ರ ಮೇ 15ರಂದು ಚಕ್ರವರ್ತಿ ಎರಡನೆಯ ಮೆನೆಲಿಕ್ ಮತ್ತು ಬ್ರಿಟನ್ ನಡುವೆ ಆದ ಒಪ್ಪಂದ ಇಲ್ಲಿನ ಗಡಿಯನ್ನು ಬಹುಮಟ್ಟಿಗೆ ನದಿಗಳ ಗುಂಟ ಎಳೆಯಿತು. ಇದರಿಂದ ಅನುವಾಕರಲ್ಲಿ ಹೆಚ್ಚಿನವರು ಇಥಿಯೋಪಿಯಾದ ಕಡೆ, ನುಯೆರರಲ್ಲಿ ಹೆಚ್ಚಿನವರು ಸುಡಾನಿನ ಕಡೆ ಉಳಿದರು. ಎರಡೂ ಜನಾಂಗಗಳು ಸೀಳಿಹೋದವು, ಆದರೆ ಸಮವಾಗಿ ಅಲ್ಲ. ಮುಂದೆ ಒಬ್ಬರು ಇನ್ನೊಬ್ಬರನ್ನು ‘ನೀವು ಸುಡಾನಿನವರು’ ಎಂದು ಜರೆಯಲು ಬೇಕಾದ ಆಧಾರ ಸಿಕ್ಕಿದ್ದು ಈ ಅಸಮತೆಯಿಂದ.

ಅದೇ ಒಪ್ಪಂದದಲ್ಲಿ ಬಾರೋ ದಂಡೆಯ ಮೇಲೆ 2,000 ಮೀಟರಿಗೆ ಮೀರದ ನದಿಮುಖವಿರುವ ಒಂದು ತುಂಡು ನೆಲ ವ್ಯಾಪಾರ ಠಾಣೆಗೆಂದು ಬ್ರಿಟಿಷರಿಗೆ ಗುತ್ತಿಗೆಗೆ ಸಿಕ್ಕಿತು. ಇಥಿಯೋಪಿಯಾದಲ್ಲಿ ಹಡಗು ಸಾಗಬಲ್ಲ ನದಿಯೆಂದರೆ ಬಾರೋ ಒಂದೇ. ಅದೂ ಮಳೆಗಾಲದಲ್ಲಿ ಮಾತ್ರ. ಮೇಲುನಾಡಿನ ಕಾಫಿ ಕೆಳಗಿಳಿದು ಉಗಿಹಡಗಿನಲ್ಲಿ ಖಾರ್ಟೂಮಿಗೆ ಹೋಗುತ್ತಿತ್ತು. ಸುಡಾನ್ ಸ್ವತಂತ್ರವಾದ 1956ರಲ್ಲಿ ಠಾಣೆ ಇಥಿಯೋಪಿಯಾಕ್ಕೆ ಮರಳಿತು, ನದಿ ವ್ಯಾಪಾರ ಕ್ರಮೇಣ ಸೊರಗಿತು. ಆಮೇಲೆ ಗಂಬೆಲಾ ರಾಜಧಾನಿಯಿಂದ 750 ಕಿಲೋಮೀಟರಿಗೂ ಹೆಚ್ಚು ದೂರದ ಮೂಲೆಯಾಗಿ ಉಳಿಯಿತು.

ಆ ಮೂಲೆ ಮತ್ತೆ ಕೇಂದ್ರದ ಕಣ್ಣಿಗೆ ಬಿದ್ದದ್ದು ದೆರ್ಗ್ ಮಿಲಿಟರಿ ಆಡಳಿತದಲ್ಲಿ. 1975ರಲ್ಲಿ ಭೂಮಿಯೆಲ್ಲ ರಾಷ್ಟ್ರೀಕರಣವಾಯಿತು. 1984–85ರ ಬರಗಾಲದಲ್ಲಿ ಸುಮಾರು 60 ಸಾವಿರ ಮೇಲುನಾಡಿನವರನ್ನು ತಂದು ಇಲ್ಲಿ ಕೂರಿಸಿದರು. ಹೆಚ್ಚಾಗಿ ಅನುವಾಕರ ನೆಲದಲ್ಲಿ, ಅನುವಾಕರನ್ನು ಕೇಳದೆ. ಅದೇ ದಶಕದಲ್ಲಿ ಇಟಾಂಗ್ ಮತ್ತು ಪುಗ್ನಿಡೋ ಶಿಬಿರಗಳು ದಕ್ಷಿಣ ಸುಡಾನಿನ ನಿರಾಶ್ರಿತರಿಂದಲೂ ಅಲ್ಲಿನ ಬಂಡುಕೋರ ಸೇನೆಯಿಂದಲೂ ತುಂಬಿದವು. ಬಂದೂಕು ಅಗ್ಗವಾಯಿತು.

ಮಾಲೀಕರ ಪಟ್ಟಿ

1991ರಲ್ಲಿ ದೆರ್ಗ್ ಬಿದ್ದಾಗ, ಗೆದ್ದ ಇಪಿಆರ್‌ಡಿಎಫ್ ಕೂಟದೊಂದಿಗೆ ಕೈಜೋಡಿಸಿದ್ದ ಗಂಬೆಲಾ ಜನತಾ ವಿಮೋಚನಾ ಚಳವಳಿ ಅಧಿಕಾರಕ್ಕೆ ಬಂತು. ಅದರ ನಾಯಕತ್ವ ಅನುವಾಕರದು. ದೆರ್ಗ್ ಕಾಲದ ಸ್ಥಳೀಯ ಆಡಳಿತದಲ್ಲಿ ನುಯೆರರು ಎದ್ದು ಕಾಣುತ್ತಿದ್ದರು. ಈಗ ತಕ್ಕಡಿ ತಿರುಗಿತು.

1995ರ ಸಂಯುಕ್ತ ಸಂವಿಧಾನದ 8ನೇ ವಿಧಿ ಪರಮಾಧಿಕಾರವನ್ನು ಇಟ್ಟದ್ದು ಪ್ರಜೆಯಲ್ಲಲ್ಲ, ‘ರಾಷ್ಟ್ರಗಳು, ರಾಷ್ಟ್ರೀಯತೆಗಳು ಮತ್ತು ಜನತೆಗಳಲ್ಲಿ’. 39ನೇ ವಿಧಿ ಅವುಗಳಿಗೆ ಬೇರ್ಪಡುವವರೆಗೂ ಸ್ವನಿರ್ಣಯದ ಹಕ್ಕು ಕೊಟ್ಟಿತು. 46ನೇ ವಿಧಿಯ ಪ್ರಕಾರ ರಾಜ್ಯಗಳ ಎಲ್ಲೆಗೆ ಆಧಾರ ವಸತಿಯ ನೆಲೆ, ಭಾಷೆ, ಗುರುತು ಮತ್ತು ಜನರ ಒಪ್ಪಿಗೆ. ಒಂದೇ ಜನಾಂಗ ಬಹುಸಂಖ್ಯಾತವಾಗಿರುವ ಕಡೆ ಈ ಸೂತ್ರ ಸುಲಭ. ಗಂಬೆಲಾದಂಥ ಕಡೆ ‘ರಾಷ್ಟ್ರೀಯತೆ’ ಐದು, ರಾಜ್ಯ ಒಂದು. ಆಗ ಉಳಿಯುವುದು ಯಾರ ಪಾಲು ಎಷ್ಟು ಎಂಬ ಲೆಕ್ಕ.

ಕೆಲವು ವಿಷಯಗಳಲ್ಲಿ ಲೆಕ್ಕ ಕೂಡಿತು. ರಾಜ್ಯದ ಆಡಳಿತ ಭಾಷೆ ಅಮ್ಹಾರಿಕ್. ಅನುವಾಕ್ ಮಾಡಿದರೆ ನುಯೆರರು ಒಪ್ಪರು, ನುಯೆರ್ ಮಾಡಿದರೆ ಅನುವಾಕರು ಒಪ್ಪರು. ಕಚೇರಿ ನಡೆಸುವ ಮೇಲುನಾಡಿನವರಿಗೆ ಬರುವುದು ಅಮ್ಹಾರಿಕ್. ಪ್ರಾಥಮಿಕ ಶಾಲೆಯಲ್ಲಿ ಅನುವಾಕ್, ನುಯೆರ್, ಮಜಾಂಗ್ ಭಾಷೆಗಳ ಬೋಧನೆ ಬಂತು. ಇದು ನಿಜಕ್ಕೂ ದೊಡ್ಡ ಲಾಭ, ಕಡೆಗಣಿಸುವಂಥದ್ದಲ್ಲ. ಹುದ್ದೆಗಳಲ್ಲಿ ಇಲಾಖೆಯ ಮುಖ್ಯಸ್ಥ ಒಂದು ಜನಾಂಗದವರಾದರೆ ಉಪಮುಖ್ಯಸ್ಥ ಇನ್ನೊಂದರವರು ಎನ್ನುವ ರೂಢಿ ಬೆಳೆಯಿತು. ರಾಜ್ಯಾಧ್ಯಕ್ಷ ಅನುವಾಕ್, ಉಪಾಧ್ಯಕ್ಷ ನುಯೆರ್ ಎಂಬುದು ಬಹುಕಾಲ ಅಲಿಖಿತ ನಿಯಮವಾಗಿತ್ತು.

ಆ ರೂಢಿಯ ದೋಷ ಒಳಗಿದೆ. ಮುಖ್ಯಸ್ಥನೂ ಉಪಮುಖ್ಯಸ್ಥನೂ ಬೇರೆ ಬೇರೆ ಜನಾಂಗಕ್ಕೆ ಉತ್ತರದಾಯಿಗಳು. ಇಲಾಖೆಯ ಕೆಲಸಕ್ಕೆ ಇಬ್ಬರೂ ಉತ್ತರದಾಯಿಗಳಲ್ಲ. ಕೊಳವೆಬಾವಿ ಎಲ್ಲಿ ಕೊರೆಯಬೇಕು, ಶಿಕ್ಷಕರ ತರಬೇತಿಗೆ ಯಾರನ್ನು ಆಯ್ಕೆ ಮಾಡಬೇಕು ಎಂಬ ಸಣ್ಣ ತೀರ್ಮಾನವೂ ಪಾಲಿನ ಲೆಕ್ಕಕ್ಕೆ ಹೋಗುತ್ತದೆ. ಹುದ್ದೆ ಕಳೆದುಕೊಂಡವನು ತನ್ನ ಜನಾಂಗಕ್ಕೆ ಅನ್ಯಾಯವಾಯಿತೆಂದು ಊರಿಗೆ ಹೋಗುತ್ತಾನೆ, ಊರಿನಲ್ಲಿ ಬಂದೂಕಿದೆ.

ಎಣಿಕೆ ಮತ್ತು ಚೀಟಿ

1994ರ ಅಕ್ಟೋಬರಿನ ಜನಗಣತಿಯಲ್ಲಿ ಗಂಬೆಲಾದಲ್ಲಿ ಎಣಿಸಿದ್ದು 1,62,397 ಮಂದಿಯನ್ನು. ಎಣಿಕೆದಾರರು ತಲುಪದ ಪ್ರದೇಶಗಳಲ್ಲಿ ಇನ್ನೂ 19,465 ಮಂದಿ ಇದ್ದಾರೆಂದು ಅಂದಾಜಿಸಿ ಒಟ್ಟು 1,81,862 ಎಂದು ಪ್ರಕಟಿಸಿದರು. ಎಣಿಕೆಯಾದವರಲ್ಲಿ ನುಯೆರರು ಶೇ 40ರ ಆಸುಪಾಸು, ಅನುವಾಕರು ಶೇ 27ರ ಆಸುಪಾಸು. 2007ರ ಮೇ ತಿಂಗಳ ಗಣತಿಯಲ್ಲಿ ನುಯೆರರು ಶೇ 46.7, ಅನುವಾಕರು ಶೇ 21.2. ತಲೆಗಳ ಲೆಕ್ಕದಲ್ಲಿ ನುಯೆರರು 1.4 ಲಕ್ಷ ದಾಟಿದರು, ಅನುವಾಕರು 65 ಸಾವಿರದ ಹತ್ತಿರ ಇದ್ದರು. ಮೇಲುನಾಡಿನ ಜನಾಂಗಗಳನ್ನೆಲ್ಲ ಕೂಡಿಸಿದರೆ ಅನುವಾಕರಿಗಿಂತ ಹೆಚ್ಚಾಗುತ್ತದೆ.

ಈ ಅಂಕಿಗಳನ್ನು ಎರಡು ಕಡೆಯವರು ಎರಡು ಬಗೆಯಾಗಿ ಓದುತ್ತಾರೆ. ಗಡಿಯಾಚೆಯಿಂದ ಬಂದವರನ್ನು ಪ್ರಜೆಗಳೆಂದು ಬರೆಸಿದ್ದಾರೆ ಎನ್ನುತ್ತಾರೆ ಅನುವಾಕರು. 1994ರಲ್ಲಿ ಬಿಟ್ಟುಹೋದವರು ಈಗ ಲೆಕ್ಕಕ್ಕೆ ಬಂದಿದ್ದಾರೆ, ಅಷ್ಟೇ ಎನ್ನುತ್ತಾರೆ ನುಯೆರರು. ಎರಡೂ ಮಾತಿನಲ್ಲಿ ಸತ್ಯದ ಅಂಶವಿದೆ. ಯಾವುದು ಎಷ್ಟು ಎಂದು ತೀರ್ಮಾನಿಸಬಲ್ಲ ದಾಖಲೆ ಮಾತ್ರ ಇಲ್ಲ.

ಇಲ್ಲಿ ಎಣಿಕೆಯೇ ಕಷ್ಟ. ಮಳೆಗಾಲದಲ್ಲಿ ದನಗಾಹಿಗಳು ಹಳ್ಳಿಯಲ್ಲಿರುತ್ತಾರೆ, ಆದರೆ ಕಪ್ಪು ಮಣ್ಣಿನ ದಾರಿಗಳು ಕೆಸರಾಗಿ ಎಣಿಕೆದಾರ ಹೋಗಲಾರ. ಬೇಸಿಗೆಯಲ್ಲಿ ದಾರಿ ತೆರೆದಿರುತ್ತದೆ, ಆದರೆ ಹಳ್ಳಿಯಲ್ಲಿ ಮುದುಕರು ಮಕ್ಕಳು ಮಾತ್ರ. ಉಳಿದವರು ದನದ ಜೊತೆ ನದಿ ಬಯಲಿನಲ್ಲಿ, ಕೆಲವೊಮ್ಮೆ ಗಡಿಯ ಆಚೆ. ಮನೆಯ ಲೆಕ್ಕದಲ್ಲಿ ಎಣಿಸುವ ಗಣತಿಗೆ ಈ ಬದುಕು ಸಿಗುವುದಿಲ್ಲ. 2007ರ ನಂತರದ ಗಣತಿ 2017ಕ್ಕೆ ನಡೆಯಬೇಕಿತ್ತು, ಮುಂದೂಡಿದರು. 2019ರಲ್ಲಿ ಮತ್ತೆ ಮುಂದೂಡಿದರು. ಇಂದಿಗೂ ಪಾಲಿನ ವಾದಕ್ಕೆ ಆಧಾರ ಆ ಹಳೇ ಅಂಕಿಗಳೇ.

ಗಣತಿ ಇಲ್ಲದಾಗ ಮುಖ್ಯವಾಗುವುದು ಕೆಬೆಲೆಯ ಚೀಟಿ. ಕೆಬೆಲೆ ಎಂದರೆ ಆಡಳಿತದ ತೀರ ಕೆಳಗಿನ ಘಟಕ. ಹಲವು ಕೆಬೆಲೆ ಸೇರಿ ಒಂದು ವೊರೆಡಾ, ಅಂದರೆ ತಾಲ್ಲೂಕಿನಂಥದ್ದು. ಕೆಬೆಲೆ ಕೊಡುವ ಗುರುತಿನ ಚೀಟಿಯಲ್ಲಿ ಜನಾಂಗದ ಹೆಸರು ಬರೆಯುವ ಸಾಲು ಇರುತ್ತದೆ. ಜನನ ನೋಂದಣಿ ಇಲ್ಲದ ಕಡೆ ಇವನು ಈ ಊರಿನವನು ಎಂದು ಸಾಕ್ಷಿ ಹೇಳುವವರು ಕೆಬೆಲೆಯ ಹಿರಿಯರು. ಗಡಿಯ ಎರಡೂ ಕಡೆ ಒಂದೇ ಮನೆತನ, ಒಂದೇ ಭಾಷೆ ಇರುವಾಗ ಆ ಸಾಕ್ಷಿಯನ್ನು ಪರೀಕ್ಷಿಸುವ ಬಗೆ ಯಾವುದು? ಹಾಗಾಗಿ ಒಬ್ಬನ ಕೈಯಲ್ಲಿ ಕೆಬೆಲೆ ಚೀಟಿಯೂ ಶಿಬಿರದ ಪಡಿತರ ಚೀಟಿಯೂ ಇರುವುದುಂಟು. ಬಡ ಗಡಿಹಳ್ಳಿಯವನಿಗೆ ಶಿಬಿರದ ಕಾಳು, ಶಾಲೆ, ಆಸ್ಪತ್ರೆ ಬೇಕು; ನಿರಾಶ್ರಿತನಿಗೆ ಓಡಾಡಲು, ಕೆಲಸಕ್ಕೆ ಸೇರಲು ಪ್ರಜೆಯ ಚೀಟಿ ಬೇಕು. ಮೋಸ ಎಂದು ಬೈಯುವುದು ಸುಲಭ. ಎರಡು ಸಾಲಿನಲ್ಲಿ ಎರಡು ಬಗೆಯ ಸೌಲಭ್ಯ ಇಟ್ಟರೆ ಜನ ಎರಡೂ ಸಾಲಿನಲ್ಲಿ ನಿಲ್ಲುತ್ತಾರೆ.

2003ರ ಡಿಸೆಂಬರ್

2003ರ ಡಿಸೆಂಬರ್ 13ರಂದು, ನಿರಾಶ್ರಿತರ ಹೊಸ ಶಿಬಿರದ ಜಾಗ ನೋಡಲು ಹೊರಟಿದ್ದ ವಾಹನದ ಮೇಲೆ ಗಂಬೆಲಾ ಪಟ್ಟಣದ ಹೊರಗೆ ದಾಳಿ ನಡೆದು ಎಂಟು ಮಂದಿ ಸತ್ತರು. ದಾಳಿಕೋರರು ಅನುವಾಕರು ಎಂಬ ಸುದ್ದಿಯೊಡನೆ ಹೆಣಗಳನ್ನು ಪಟ್ಟಣಕ್ಕೆ ತಂದರು. ಮೇಲುನಾಡಿನವರ ಗುಂಪುಗಳು ಅನುವಾಕರ ಮನೆಗಳಿಗೆ ನುಗ್ಗಿದವು. ಸೈನಿಕರೂ ಕೊಲೆಯಲ್ಲಿ ಸೇರಿಕೊಂಡರು. ಬೇಲಿಯೇ ಎದ್ದು ಹೊಲ ಮೇಯ್ದಿತು. ಮಾನವ ಹಕ್ಕು ಸಂಘಟನೆಗಳು ಸತ್ತವರ ಸಂಖ್ಯೆ 400ಕ್ಕೂ ಹೆಚ್ಚೆಂದವು. ಸರ್ಕಾರದ ವಿಚಾರಣಾ ಆಯೋಗ 65 ಎಂದಿತು. ಸಾವಿರಾರು ಅನುವಾಕರು ಗಡಿ ದಾಟಿ ಪೋಚಲಾ ಕಡೆಗೆ ಓಡಿದರು. ರಾಜ್ಯಾಧ್ಯಕ್ಷರಾಗಿದ್ದ ಅನುವಾಕ್ ನಾಯಕ ಒಕೆಲ್ಲೋ ಅಕ್ವಾಯ್ ದೇಶ ಬಿಟ್ಟರು.

ಆಡಳಿತದ ದೃಷ್ಟಿಯಿಂದ ಇಲ್ಲಿ ಗಮನಿಸಬೇಕಾದದ್ದು ಶಿಬಿರದ ಜಾಗ. ಅನುವಾಕರ ನೆಲದಲ್ಲಿ ನುಯೆರರು ಮತ್ತಿತರರಿಗೆ ಶಿಬಿರ ಕಟ್ಟುವ ತೀರ್ಮಾನ ಕೇಂದ್ರದ ನಿರಾಶ್ರಿತರ ಸಂಸ್ಥೆಯದು. ಹುದ್ದೆಯಲ್ಲಿದ್ದ ಅನುವಾಕ್ ಅಧ್ಯಕ್ಷರಿಗೆ ಅದನ್ನು ತಡೆಯುವ ಅಧಿಕಾರ ಇರಲಿಲ್ಲ. ಪಟ್ಟಣದಲ್ಲಿ ಸೈನ್ಯವನ್ನು ತಡೆಯುವ ಅಧಿಕಾರವೂ ಇರಲಿಲ್ಲ. ಕುರ್ಚಿ ಇದ್ದರೂ ಹಿಡಿತ ಇಲ್ಲ ಎನ್ನುವುದು ಆ ದಿನ ಅತ್ಯಂತ ಕ್ರೂರವಾಗಿ ಕಂಡಿತು. ರಾಜ್ಯಗಳ ಭದ್ರತೆ ಕುಸಿದಾಗ, ಹಕ್ಕುಗಳ ಉಲ್ಲಂಘನೆಯಾದಾಗ ಕೇಂದ್ರ ಹೇಗೆ ಮಧ್ಯಪ್ರವೇಶಿಸಬೇಕೆಂದು ಹೇಳುವ 359ನೇ ಘೋಷಣೆ ಅದೇ 2003ರಲ್ಲಿ ಬಂದಿತ್ತು. ಆದರೆ ಹಕ್ಕು ಉಲ್ಲಂಘಿಸಿದವರು ಕೇಂದ್ರದ ಸೈನಿಕರೇ ಆದಾಗ ಏನು ಮಾಡಬೇಕೆಂಬುದಕ್ಕೆ ಆ ಕಾನೂನಿನಲ್ಲಿ ದಾರಿ ಇಲ್ಲ.

ನಂತರ ಆದ ಬದಲಾವಣೆ ಗಡಿರೇಖೆಯದೇ. ಮೊದಲು ಸಂಖ್ಯೆಗಳಿಂದ ಗುರುತಿಸುತ್ತಿದ್ದ ವಲಯಗಳು ಜನಾಂಗದ ಹೆಸರಿನ ವಲಯಗಳಾದವು: ಅನುವಾಕ್ ವಲಯ, ನುಯೆರ್ ವಲಯ, ಮಜಾಂಗ್ ವಲಯ. ಅಬೋಬೋ, ಗೋಗ್, ಜೋರ್, ದಿಮ್ಮಾ ವೊರೆಡಾಗಳು ಮೊದಲನೆಯದಕ್ಕೆ. ಲಾರೆ, ಜಿಕಾವೋ, ಅಕೋಬೋ ಎರಡನೆಯದಕ್ಕೆ. ಗೊದೆರೆ, ಮೆಂಗೇಶ್ ಮೂರನೆಯದಕ್ಕೆ. ಇಟಾಂಗನ್ನು ಮಾತ್ರ ಯಾವುದಕ್ಕೂ ಸೇರಿಸಲಾಗಲಿಲ್ಲ. ಅಲ್ಲಿ ಅನುವಾಕ್, ನುಯೆರ್, ಒಪೊ ಮೂವರೂ ಇದ್ದಾರೆ, ಬಾರೋ ದಂಡೆಯ ಒಳ್ಳೆಯ ನೆಲ ಇದೆ. ಅದನ್ನು ‘ವಿಶೇಷ ವೊರೆಡಾ’ ಎಂದು ಮಾಡಿ ನೇರವಾಗಿ ರಾಜ್ಯದ ಅಡಿಗೆ ತಂದರು.

ವಲಯ ಬೇರೆಯಾದದ್ದರಿಂದ ದಿನನಿತ್ಯದ ಜಗಳ ಕೆಲವು ಕಡೆ ಕಡಿಮೆಯಾಯಿತು. ಜೊತೆಗೆ ಹೊಸದೊಂದು ತೊಡಕು ಬಂತು. ಬೇಸಿಗೆಯಲ್ಲಿ ದನ ಇಳಿಸುವ ನುಯೆರ್ ಈಗ ಬೇರೊಬ್ಬರ ‘ವಲಯ’ಕ್ಕೆ ಕಾಲಿಡುತ್ತಾನೆ. ನಿನ್ನೆಯವರೆಗೆ ಮೇವಿನ ಮಾತಾಗಿದ್ದದ್ದು ಇಂದು ಗಡಿ ಉಲ್ಲಂಘನೆಯ ಮಾತಾಗುತ್ತದೆ. ಇಟಾಂಗ್ ಇಂದಿಗೂ ಮೊದಲು ಹೊತ್ತಿಕೊಳ್ಳುವ ಜಾಗ. 2023ರಲ್ಲೂ ಅಲ್ಲಿ ಘರ್ಷಣೆ ನಡೆದು ಗಂಬೆಲಾ ಪಟ್ಟಣದಲ್ಲಿ ಕರ್ಫ್ಯೂ ಹಾಕಬೇಕಾಯಿತು.

ನೆಲದ ಗುತ್ತಿಗೆ

ಕನ್ನಡ ಓದುಗರಿಗೆ ಗಂಬೆಲಾ ಎಂಬ ಹೆಸರು ಪರಿಚಯವಾಗಿದ್ದರೆ ಅದು ಬಹುಶಃ ಈ ಕಾರಣಕ್ಕೆ. ಬೆಂಗಳೂರು ಮೂಲದ, ಗುಲಾಬಿ ರಫ್ತಿಗೆ ಹೆಸರಾಗಿದ್ದ ಕರುತುರಿ ಗ್ಲೋಬಲ್ ಕಂಪನಿ ಇಲ್ಲಿ ಭಾರೀ ಪ್ರಮಾಣದ ಬೇಸಾಯಕ್ಕೆ ಇಳಿಯಿತು. ಮಾತುಕತೆಯಲ್ಲಿದ್ದದ್ದು 3 ಲಕ್ಷ ಹೆಕ್ಟೇರು, ಅಂದರೆ ರಾಜ್ಯದ ಹತ್ತನೇ ಒಂದು ಭಾಗ. ಮೊದಲ ಕಂತಿಗೆ ಕೊಟ್ಟದ್ದು 1 ಲಕ್ಷ ಹೆಕ್ಟೇರು. 50 ವರ್ಷದ ಗುತ್ತಿಗೆ. ಬಾಡಿಗೆ ಹೆಕ್ಟೇರಿಗೆ ವರ್ಷಕ್ಕೆ 20 ಬಿರ್, ಆಗಿನ ದರದಲ್ಲಿ ಒಂದು ಡಾಲರಿಗಿಂತ ಸ್ವಲ್ಪ ಹೆಚ್ಚು.

ಸಂವಿಧಾನದ 40ನೇ ವಿಧಿ ಭೂಮಿಯನ್ನು ಸರ್ಕಾರ ಮತ್ತು ಜನತೆಗಳ ಸೊತ್ತೆಂದು ಹೇಳಿ ಮಾರಾಟ ನಿಷೇಧಿಸುತ್ತದೆ. 52ನೇ ವಿಧಿ, ಕೇಂದ್ರದ ಕಾನೂನಿಗೆ ಅನುಸಾರವಾಗಿ, ಅದರ ಆಡಳಿತವನ್ನು ರಾಜ್ಯಗಳಿಗೆ ಒಪ್ಪಿಸುತ್ತದೆ. ಆದರೂ 2009ರ ಹೊತ್ತಿಗೆ 5,000 ಹೆಕ್ಟೇರಿಗೆ ಮೇಲ್ಪಟ್ಟ ಗುತ್ತಿಗೆಗಳನ್ನು ಕೇಂದ್ರದ ಕೃಷಿ ಸಚಿವಾಲಯ ತನ್ನ ಕೈಗೆ ತೆಗೆದುಕೊಂಡಿತು. ರಾಜ್ಯಗಳೇ ತಮ್ಮ ಅಧಿಕಾರವನ್ನು ಮೇಲಕ್ಕೆ ವಹಿಸಿಕೊಟ್ಟಿವೆ ಎನ್ನುವುದು ಅದಕ್ಕೆ ಕೊಟ್ಟ ಸಮಜಾಯಿಷಿ. ಕೇಂದ್ರದ ಅನುದಾನದಿಂದ ಸಂಬಳ ಕೊಡುವ ರಾಜ್ಯ ಇಂಥ ಕೋರಿಕೆಗೆ ಇಲ್ಲವೆನ್ನಲು ಸಾಧ್ಯವಿಲ್ಲ. ಸಂವಿಧಾನದಲ್ಲಿ ಕೇಂದ್ರ ತನ್ನ ಅಧಿಕಾರವನ್ನು ರಾಜ್ಯಕ್ಕೆ ವಹಿಸಲು ದಾರಿ ಇದೆ. ರಾಜ್ಯ ತನ್ನದನ್ನು ಕೇಂದ್ರಕ್ಕೆ ವಹಿಸಲು ಸ್ಪಷ್ಟ ದಾರಿ ಇಲ್ಲ.

ಕೆಲಸ ಕೆಟ್ಟದ್ದು ಎಲ್ಲೆಲ್ಲಿ? ಮೊದಲನೆಯದು ನಕ್ಷೆ. ಅದ್ದಿಸ್ ಅಬಾಬಾದಲ್ಲಿ ಕೂತು ಉಪಗ್ರಹ ಚಿತ್ರ ನೋಡಿದರೆ ಇಲ್ಲಿನ ನೆಲ ಖಾಲಿಯಾಗಿ ಕಾಣುತ್ತದೆ. ಬೇಸಿಗೆಯ ಮೇವು, ಬೀಳು ಬಿಟ್ಟ ಹೊಲ, ಜೇನಿನ ಮರ, ಗಂಬೆಲಾ ರಾಷ್ಟ್ರೀಯ ಉದ್ಯಾನದ ಬಿಳಿಕಿವಿಯ ಕೋಬ್ ಜಿಂಕೆಗಳ ವಲಸೆ ದಾರಿ, ಇವು ಚಿತ್ರದಲ್ಲಿ ಬರುವುದಿಲ್ಲ. ಗುತ್ತಿಗೆಯ ಪ್ಲಾಟುಗಳು ಉದ್ಯಾನದ ಮೇಲೂ ಬಿದ್ದವು, ಒಂದರ ಮೇಲೊಂದೂ ಬಿದ್ದವು. ಎರಡನೆಯದು ನೀರು. ಕರುತುರಿಗೆ ಸಿಕ್ಕ ನೆಲದ ದೊಡ್ಡ ಭಾಗ ಬಾರೋ ನದಿಯ ನೆರೆಬಯಲು. 2011ರಲ್ಲಿ ನದಿ ಉಕ್ಕಿದಾಗ ಕಟ್ಟಿದ ಒಡ್ಡುಗಳು ತಡೆಯಲಿಲ್ಲ, ನಿಂತ ಮೆಕ್ಕೆಜೋಳ ಮುಳುಗಿತು. ಅಲ್ಲಿನ ಜನ ಮಳೆಗಾಲದಲ್ಲಿ ದಿಬ್ಬ ಹತ್ತುವುದು ಏಕೆಂದು ಕೇಳಿದ್ದರೆ ಆ ಉತ್ತರ ಮೊದಲೇ ಸಿಗುತ್ತಿತ್ತು. 2015ರ ಡಿಸೆಂಬರಿನಲ್ಲಿ ಸರ್ಕಾರ, 1 ಲಕ್ಷದಲ್ಲಿ ಅಭಿವೃದ್ಧಿಯಾದದ್ದು 1,200 ಹೆಕ್ಟೇರು ಮಾತ್ರ ಎಂದು ಹೇಳಿ ಗುತ್ತಿಗೆ ರದ್ದು ಮಾಡಿತು. ಕಂಪನಿ ಆ ತೀರ್ಮಾನವನ್ನು ಒಪ್ಪಲಿಲ್ಲ.

ಅಬೋಬೋ ಕಡೆ, ಸೋವಿಯತ್ ನೆರವಿನಿಂದ ಕಟ್ಟಿದ ಅಲ್ವೆರೋ ಅಣೆಕಟ್ಟೆಯ ಕೆಳಗೆ, ಸೌದಿ ಸ್ಟಾರ್ ಕಂಪನಿಗೆ ಭತ್ತ ಬೆಳೆಯಲು 10 ಸಾವಿರ ಹೆಕ್ಟೇರು ಕೊಟ್ಟಿದ್ದರು. 2012ರ ಏಪ್ರಿಲಿನಲ್ಲಿ ಅದರ ಶಿಬಿರದ ಮೇಲೆ ಬಂದೂಕುಧಾರಿಗಳ ದಾಳಿಯಾಗಿ ಕೆಲಸಗಾರರು ಸತ್ತರು. ಅದೇ ವರ್ಷಗಳಲ್ಲಿ ಗ್ರಾಮ ಒಗ್ಗೂಡಿಕೆಯ ಕಾರ್ಯಕ್ರಮ ನಡೆಯಿತು. ಚದುರಿದ 45 ಸಾವಿರ ಕುಟುಂಬಗಳನ್ನು ಮೂರು ವರ್ಷದಲ್ಲಿ ಶಾಲೆ, ನೀರು, ಆಸ್ಪತ್ರೆ ಇರುವ ಹಳ್ಳಿಗಳಿಗೆ ತರುವುದು ಯೋಜನೆ. ಹಲವು ಕಡೆ ಜನ ಮೊದಲು ಹೋದರು, ಸೌಲಭ್ಯ ಆಮೇಲೂ ಬರಲಿಲ್ಲ. ಹೊಸ ಜಾಗ ನದಿಯಿಂದ ದೂರ, ಹೊಲ ಕಡಿದು ಸಿದ್ಧ ಮಾಡಿರಲಿಲ್ಲ. ಬಲವಂತವಾಗಿ ಎಬ್ಬಿಸಿದರೆಂಬ ದೂರು ವಿಶ್ವಬ್ಯಾಂಕಿನ ಪರಿಶೀಲನಾ ಸಮಿತಿಯವರೆಗೂ ಹೋಯಿತು, ಏಕೆಂದರೆ ಬ್ಯಾಂಕ್ ಹಣ ಕೊಡುತ್ತಿದ್ದ ಮೂಲಸೇವೆಗಳ ಕಾರ್ಯಕ್ರಮದಿಂದ ಸಂಬಳ ಪಡೆಯುವ ನೌಕರರೇ ಈ ಸ್ಥಳಾಂತರವನ್ನೂ ನಡೆಸುತ್ತಿದ್ದರು.

ಈ ಅವಧಿಯಲ್ಲಿ ರಾಜ್ಯಾಧ್ಯಕ್ಷರಾಗಿದ್ದ ಒಮೋದ್ ಒಬಾಂಗ್ ಅನುವಾಕರು. ಕಳೆದುಕೊಂಡ ನೆಲದಲ್ಲಿ ದೊಡ್ಡ ಪಾಲು ಅನುವಾಕರದು.

ಜನರಿಗಿಂತ ಹೆಚ್ಚು ನಿರಾಶ್ರಿತರು

2013ರ ಡಿಸೆಂಬರಿನಲ್ಲಿ ದಕ್ಷಿಣ ಸುಡಾನಿನಲ್ಲಿ ಯುದ್ಧ ಶುರುವಾದಾಗ ಪಗಾಕ್, ಬುರ್ಬಿಯೆ, ಅಕೋಬೋ ದಾರಿಗಳಲ್ಲಿ ಜನ ಒಳಬಂದರು. ಹೆಚ್ಚಿನವರು ನುಯೆರರು. ಕೆಲವೇ ವರ್ಷಗಳಲ್ಲಿ ಅವರ ಸಂಖ್ಯೆ 3 ಲಕ್ಷ ದಾಟಿ, 2007ರಲ್ಲಿ ಎಣಿಸಿದ ಸ್ಥಳೀಯರ ಸಂಖ್ಯೆಯನ್ನು ಮೀರಿತು. ತಿಯೆರ್ಕಿಡಿ, ಕುಲೆ, ಜೆವಿ, ಎಂಗುಯೆನ್ಯಿಯೆಲ್ ಶಿಬಿರಗಳು ಒಂದೊಂದೂ ಒಂದು ಪಟ್ಟಣದಷ್ಟು. ಲೆಯ್ಚುವೊರ್ ಶಿಬಿರವನ್ನು ತಗ್ಗಿನಲ್ಲಿ ಕಟ್ಟಿದ್ದರಿಂದ 2014ರ ನೆರೆಗೆ ಮುಳುಗಿತು. ಜನರನ್ನು ಎಬ್ಬಿಸಿ ಮರುವರ್ಷ ಜೆವಿಗೆ ತಂದರು. ಶಿಬಿರಕ್ಕೆ ಜಾಗ ಹುಡುಕುವಾಗ ಸಿಗುವುದು ಎರಡೇ ಬಗೆ: ಒಂದೋ ತಗ್ಗಿನ ನೆಲ, ಇಲ್ಲವೇ ಎತ್ತರದ, ಆದರೆ ಯಾರೋ ತಮ್ಮದೆನ್ನುವ ನೆಲ.

ಪಟ್ಟಣದಲ್ಲೂ ಕೇರಿಗಳು ಬೇರೆಯಾಗಿವೆ. ‘ನ್ಯೂ ಲ್ಯಾಂಡ್’ ಎಂಬ ಭಾಗ ನುಯೆರರದು; ಅನುವಾಕರು, ಮೇಲುನಾಡಿನವರು ಬೇರೆ ಕಡೆ. 2016ರ ಜನವರಿ ಕೊನೆಯಲ್ಲಿ ಅನುವಾಕ್–ನುಯೆರ್ ಘರ್ಷಣೆ ಪಟ್ಟಣಕ್ಕೆ ಬಂದಾಗ ರಾಜ್ಯದ ಪೊಲೀಸರೇ ಜನಾಂಗದ ಲೆಕ್ಕದಲ್ಲಿ ಒಡೆದರು. ಕೇಂದ್ರದ ಪಡೆ ಬಂದು ಅವರ ಬಂದೂಕು ಕಿತ್ತುಕೊಳ್ಳಬೇಕಾಯಿತು. ಹುದ್ದೆಗಳನ್ನು ಪಾಲು ಹಾಕಿ ತುಂಬಿದ ಪೊಲೀಸ್ ಪಡೆ ಇಂಥ ದಿನ ಪಾಲಾಗಿಯೇ ನಿಲ್ಲುತ್ತದೆ. ಏಪ್ರಿಲ್ 15ರಂದು ಗಡಿಯಾಚೆಯಿಂದ ಮುರ್ಲೆ ಎಂಬ ಜನಾಂಗದ ದಾಳಿಕೋರರು ಜಿಕಾವೋ, ಲಾರೆ ಕಡೆಯ ನುಯೆರ್ ಹಳ್ಳಿಗಳಿಗೆ ನುಗ್ಗಿ 208 ಮಂದಿಯನ್ನು ಕೊಂದರು, ನೂರಕ್ಕೂ ಹೆಚ್ಚು ಮಕ್ಕಳನ್ನು ಹೊತ್ತೊಯ್ದರು, 2,000ದಷ್ಟು ದನ ಹೊಡೆದುಕೊಂಡು ಹೋದರು. ಗಡಿಹಳ್ಳಿಗಳಲ್ಲಿ ಕಾವಲು ಸಾಲದಾಗಿತ್ತು. ಸೇನೆ ಗಡಿ ದಾಟಿ ಹುಡುಕಿತು. ಮಕ್ಕಳಲ್ಲಿ ಹಲವರು ಮರಳಿದರು, ಎಲ್ಲರೂ ಅಲ್ಲ. ಅದಾದ ಒಂದೇ ವಾರದಲ್ಲಿ ಜೆವಿ ಶಿಬಿರದ ಬಳಿ ನೆರವು ಸಂಸ್ಥೆಯ ವಾಹನ ಹಾಯ್ದು ಇಬ್ಬರು ನಿರಾಶ್ರಿತ ಮಕ್ಕಳು ಸತ್ತರು; ರೊಚ್ಚಿಗೆದ್ದವರು ಅಲ್ಲಿ ಕೆಲಸಕ್ಕಿದ್ದ ಮೇಲುನಾಡಿನವರನ್ನು ಕೊಂದರು. ಮೂರು ತಿಂಗಳಲ್ಲಿ ಮೂರು ಬಗೆಯ ಹಿಂಸೆ, ಪ್ರತಿಯೊಂದಕ್ಕೂ ಬೇರೆ ಕಾರಣ. ಎಲ್ಲವನ್ನೂ ‘ಜನಾಂಗೀಯ ಗಲಭೆ’ ಎಂಬ ಒಂದೇ ಕಡತಕ್ಕೆ ಹಾಕಿದರೆ ಪರಿಹಾರ ಸಿಗದು. ಮೊದಲನೆಯದಕ್ಕೆ ಬೇಕಿದ್ದದ್ದು ಪಕ್ಷ ಕಟ್ಟದ ಪೊಲೀಸು, ಎರಡನೆಯದಕ್ಕೆ ಗಡಿಯ ಗಸ್ತು, ಮೂರನೆಯದಕ್ಕೆ ಶಿಬಿರ ಮತ್ತು ಸುತ್ತಲಿನವರ ನಡುವೆ ತಕ್ಷಣ ಮಾತಾಡಬಲ್ಲ ಹಿರಿಯರ ಸಮಿತಿ.

2017ರ ಹೊತ್ತಿಗೆ ಗಂಬೆಲಾ ತುಂಬಿಹೋಗಿತ್ತು. ಆಗ ಹೊಸಬರಲ್ಲಿ ಕೆಲವರನ್ನು ಬೆನಿಶಾಂಗುಲ್–ಗುಮುಜ್ ರಾಜ್ಯದ ಗುರೆ ಶೊಂಬೊಲಾ ಶಿಬಿರಕ್ಕೆ ಕಳಿಸತೊಡಗಿದರು. 2019ರ 1110ನೇ ಘೋಷಣೆ ನಿರಾಶ್ರಿತರಿಗೆ ಕೆಲಸದ ಮತ್ತು ಓಡಾಟದ ಹಕ್ಕನ್ನು ವಿಸ್ತರಿಸಿತು. ದೇಶದ ಮಟ್ಟದಲ್ಲಿ ಇದನ್ನು ಎಲ್ಲರೂ ಹೊಗಳಿದರು. ಗಂಬೆಲಾದಲ್ಲಿ ಅನುವಾಕರು ಭಯದಿಂದ ಓದಿದರು. ಆ ಭಯವನ್ನು ದ್ವೇಷವೆಂದು ತಳ್ಳಿಹಾಕುವುದು ತಪ್ಪು. ತಲೆಎಣಿಕೆಯ ಮೇಲೆ ಪಾಲು ನಿಂತಿರುವ ವ್ಯವಸ್ಥೆಯಲ್ಲಿ ಅದು ಸರಿಯಾದ ಲೆಕ್ಕವೇ.

ಕೆಲಸ ಮಾಡಿದ ಒಂದು ಏರ್ಪಾಡು

ಇಟಾಂಗ್‌ನಲ್ಲಿ ಶಿಬಿರಗಳಿಗೆ ಮೊದಲು ನೀರು ಹೋಗುತ್ತಿದ್ದದ್ದು ಟ್ಯಾಂಕರಿನಲ್ಲಿ. ದುಬಾರಿ, ಮಳೆಗಾಲದಲ್ಲಿ ದಾರಿ ಕೆಟ್ಟರೆ ಅದೂ ಇಲ್ಲ. ಅದರ ಬದಲು ಬಾರೋ ನದಿಯ ಹತ್ತಿರ ಕೊಳವೆಬಾವಿಗಳನ್ನು ಕೊರೆದು, ಒಂದೇ ಕೊಳಾಯಿ ಜಾಲದಿಂದ ತಿಯೆರ್ಕಿಡಿ, ಕುಲೆ ಶಿಬಿರಗಳಿಗೂ ಇಟಾಂಗ್ ಪಟ್ಟಣಕ್ಕೂ ನಡುವಿನ ಊರಿಗೂ ನೀರು ಕೊಡುವ ವ್ಯವಸ್ಥೆ ಮಾಡಿದರು. ಅದನ್ನು ನಡೆಸುವುದು ನೆರವು ಸಂಸ್ಥೆಯಲ್ಲ, ಇಟಾಂಗ್ ಪಟ್ಟಣದ ನೀರು ಸರಬರಾಜು ಮಂಡಳಿ. ನಿರಾಶ್ರಿತರ ಪಾಲಿನ ಹಣವನ್ನು ನೆರವು ಸಂಸ್ಥೆಗಳು ಮಂಡಳಿಗೆ ಕಟ್ಟುತ್ತವೆ, ಪಟ್ಟಣದವರು ತಮ್ಮ ಬಿಲ್ಲು ಕಟ್ಟುತ್ತಾರೆ.

ಮೂರು ಸಂಗತಿ ಇಲ್ಲಿ ಬೇರೆಯಾಗಿವೆ. ನಿರಾಶ್ರಿತ, ಸ್ಥಳೀಯ ಎಂಬ ಎರಡು ಸಾಲು ಇಲ್ಲ. ಆದ್ದರಿಂದ ಎರಡು ಚೀಟಿ ಇಟ್ಟುಕೊಂಡು ಲಾಭವಿಲ್ಲ. ತೀರ್ಮಾನಿಸುವವರು ಸ್ಥಳದಲ್ಲೇ ಇದ್ದಾರೆ. ಹಣವೂ ಅವರ ಕೈಗೇ ಬರುತ್ತದೆ. ದುರ್ಬಲ ಅಂಶವೂ ಇದೆ: ನೆರವಿನ ಹಣ ಕಡಿಮೆಯಾದ ವರ್ಷ ಪಂಪು ಓಡಿಸುವ, ಬಿಡಿಭಾಗ ತರುವ ಖರ್ಚು ಪಟ್ಟಣದ ಬಿಲ್ಲಿನಿಂದ ಹುಟ್ಟುವುದಿಲ್ಲ.

ಇದೇ ಬಗೆಯನ್ನು ಜಮೀನಿಗೂ ಭದ್ರತೆಗೂ ವಿಸ್ತರಿಸಬಹುದಿತ್ತು. ಬೇಸಿಗೆಯ ದನದ ದಾರಿಗಳನ್ನು, ದಡದ ಬಿತ್ತನೆಯ ತುಂಡುಗಳನ್ನು ವೊರೆಡಾ ಮಟ್ಟದಲ್ಲಿ ಎರಡೂ ಕಡೆಯ ಹಿರಿಯರನ್ನು ಕೂರಿಸಿ ನಕ್ಷೆಯಲ್ಲಿ ಗುರುತಿಸುವುದು ಮೊದಲ ಹೆಜ್ಜೆ. ಆ ನಕ್ಷೆ ಆಗುವವರೆಗೆ ಯಾವ ಗಾತ್ರದ ಗುತ್ತಿಗೆಯನ್ನೂ ಕೊಡಬಾರದು. ಗುತ್ತಿಗೆಯ ಬಾಡಿಗೆಯಲ್ಲಿ ಒಂದು ಪಾಲು ನೇರ ವೊರೆಡಾಕ್ಕೆ ಹೋಗಬೇಕು. ಗಣತಿಗೆ ಮುನ್ನ ನಿರಾಶ್ರಿತರ ಬೆರಳಚ್ಚಿನ ಪಟ್ಟಿಯನ್ನು ಪ್ರಜೆಗಳ ಪಟ್ಟಿಯ ಜೊತೆ ತಾಳೆ ನೋಡಬೇಕು. ಅದಕ್ಕೂ ಮುನ್ನ, ಎರಡರಲ್ಲೂ ಹೆಸರಿರುವವನಿಗೆ ಶಿಕ್ಷೆಯಿಲ್ಲದೆ ಒಂದನ್ನು ಬಿಟ್ಟುಕೊಡುವ ಅವಕಾಶ ಇರಬೇಕು, ಇಲ್ಲವಾದರೆ ಜನ ಬೆರಳೇ ಕೊಡುವುದಿಲ್ಲ. ‘ಫಾಯ್ಡಾ’ ಎಂಬ ಹೊಸ ರಾಷ್ಟ್ರೀಯ ಡಿಜಿಟಲ್ ಗುರುತಿನಲ್ಲಿ ಜನಾಂಗದ ಸಾಲು ಇಲ್ಲ. ಅದು ಕೆಬೆಲೆ ಚೀಟಿಯ ಜಾಗವನ್ನು ಎಷ್ಟರ ಮಟ್ಟಿಗೆ ತುಂಬುತ್ತದೆ ಎನ್ನುವುದರ ಮೇಲೆ ಬಹಳಷ್ಟು ನಿಂತಿದೆ.

ಮೇಲಿನ ಹಂತದಲ್ಲಿ ಆದದ್ದು ಕುರ್ಚಿಯ ಸರದಿ ಮಾತ್ರ. 2013ರಲ್ಲಿ ನುಯೆರರಾದ ಗಾತ್ಲುವಾಕ್ ತುತ್ ಅಧ್ಯಕ್ಷರಾದರು, 2018ರಲ್ಲಿ ಅನುವಾಕರಾದ ಒಮೋದ್ ಉಜುಲು. 2019ರಲ್ಲಿ ಆಡಳಿತ ಪಕ್ಷಗಳೆಲ್ಲ ಸಮೃದ್ಧಿ ಪಕ್ಷದಲ್ಲಿ ಕರಗಿದ ಮೇಲೆ ಅಧ್ಯಕ್ಷರನ್ನು ಆರಿಸುವ ಮಾತೂ ಅದ್ದಿಸ್ ಅಬಾಬಾಕ್ಕೆ ಇನ್ನಷ್ಟು ಹತ್ತಿರವಾಯಿತು. 2022ರ ಜೂನ್ 14ರಂದು ಬಂಡುಕೋರರು ಗಂಬೆಲಾ ಪಟ್ಟಣಕ್ಕೆ ನುಗ್ಗಿದರು. ಅವರನ್ನು ಹಿಮ್ಮೆಟ್ಟಿಸಿದ ನಂತರ ಭದ್ರತಾ ಪಡೆಗಳು ಮನೆಮನೆ ಹುಡುಕಿ ಕನಿಷ್ಠ 50 ನಾಗರಿಕರನ್ನು ಕೊಂದವೆಂದು ದೇಶದ ಮಾನವ ಹಕ್ಕುಗಳ ಆಯೋಗವೇ ವರದಿ ಮಾಡಿತು. 2024ರ ಆಗಸ್ಟಿನಲ್ಲಿ ಅಲೆಮಿತು ಒಮೋದ್ ಅಧ್ಯಕ್ಷರಾದರು, ಈ ಹುದ್ದೆಗೆ ಬಂದ ಮೊದಲ ಮಹಿಳೆ. ಅವರ ಸಹಿಗೆ ಬರುವ ಕಡತಗಳಲ್ಲಿ ಶಾಲೆ, ಆಸ್ಪತ್ರೆ, ನೇಮಕಾತಿ ಇವೆ. ಗಡಿಯ ಸೇನೆ, ಶಿಬಿರದ ಜಾಗ, ಮುಂದಿನ ಗಣತಿಯ ದಿನಾಂಕ ಇಲ್ಲ.